ಹೆಬ್ಬೆಟ್ಟಿನಿಂದ ಹನ್ನೊಂದನೆಯ ಅಂಕಣದವರೆಗೆ

ಕಲಬುರಗಿಯಿಂದ ಹೊರಟ ಬಸ್ಸು ಕಟ್ಟಿಸಂಗಾವಿಯ ಬಳಿ ಭೀಮಾ ನದಿಯನ್ನು ದಾಟಿ ಜೇವರ್ಗಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಕಣ್ಣು ಹಾಯುವಷ್ಟು ದೂರವೂ ಎರೆಭೂಮಿ. ತೊಗರಿ, ಜೋಳ, ಹತ್ತಿಯ ಹೊಲಗಳು. ಈ ಹೊಲಗಳ ನಡುವೆ ಇರುವ ಊರು ಯಡ್ರಾಮಿ. ಬಹುಕಾಲ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಈ ಊರು ಕೆಲವು ವರ್ಷಗಳ ಹಿಂದೆ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು. ತಾಲ್ಲೂಕು ಬಂತೆಂದರೆ ಕಛೇರಿ ಬಂತು. ಕಛೇರಿ ಬಂತೆಂದರೆ ಕಾಗದ ಬಂತು. ಕಾಗದವನ್ನು ಓದಬಲ್ಲವರೆಷ್ಟು ಮಂದಿ ಎಂಬ ಪ್ರಶ್ನೆಯಾದರೋ ಕಛೇರಿಗಿಂತ ಬಹಳ ಹಳೆಯದು.

2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇಕಡಾ 64.85. ಗಂಡಸರಲ್ಲಿ 74.38, ಹೆಂಗಸರಲ್ಲಿ 55.09. ಇಡೀ ಕರ್ನಾಟಕದ ಸರಾಸರಿ ಅದೇ ವರ್ಷ 75.36 ಇತ್ತು. ಅಂಕಿಗಳು ಸ್ಪಷ್ಟವಾಗಿಯೇ ಇವೆ. ಆದರೆ ಅವು ಅಳೆದದ್ದೇನು? ಏಳು ವರ್ಷ ತುಂಬಿದ ವ್ಯಕ್ತಿ ಯಾವುದಾದರೊಂದು ಭಾಷೆಯಲ್ಲಿ ಅರ್ಥವರಿತು ಓದಲೂ ಬರೆಯಲೂ ಬಲ್ಲವನಾದರೆ ಗಣತಿಗೆ ಅವನು ಸಾಕ್ಷರ. ಓದಬಲ್ಲ, ಆದರೆ ಬರೆಯಲಾರದವನು ನಿರಕ್ಷರಿ. ಶಾಲೆಯ ಮೆಟ್ಟಿಲು ಹತ್ತಿರಬೇಕೆಂಬ ನಿಯಮವಿಲ್ಲ. 1911ರ ಗಣತಿಯವರು ಇದಕ್ಕಿಂತ ಮನೋಹರವಾದ ಅಳತೆಗೋಲನ್ನಿಟ್ಟಿದ್ದರು: ಗೆಳೆಯನಿಗೊಂದು ಪತ್ರ ಬರೆದು, ಅವನ ಉತ್ತರವನ್ನು ಓದಿಕೊಳ್ಳಬಲ್ಲವನೇ ಸಾಕ್ಷರ. ಎರಡು ಕಾಲದಲ್ಲಿಯೂ ಗಣತಿದಾರನು ಯಾರ ಕೈಗೂ ಪುಸ್ತಕವಿತ್ತು ಓದಿಸಿದವನಲ್ಲ. ಮನೆಯ ಯಜಮಾನನು ಜಗುಲಿಯ ಮೇಲೆ ಕುಳಿತು ಹೇಳಿದ್ದೇ ಎಲ್ಲರ ಉತ್ತರ.

ಈ ಅಳತೆಗೋಲನ್ನು ಹಿಡಿದುಕೊಂಡು ಯಡ್ರಾಮಿಯ ಸೀಮೆಗೆ ಬಂದವನಿಗೆ ಮೊದಲು ಎದುರಾಗುವುದು ಕಡಕೋಳ. ತತ್ತ್ವಪದಕಾರ ಮಡಿವಾಳಪ್ಪನವರ ಊರು ಅದು. ಅವರ ಪದಗಳು ಪುಸ್ತಕಕ್ಕಿಂತ ಹೆಚ್ಚಾಗಿ ಕಂಠದಿಂದ ಕಂಠಕ್ಕೆ ಸಾಗಿಬಂದವು. ಚನ್ನೂರಿನ ಜಲಾಲಸಾಹೇಬರಂಥ ಶಿಷ್ಯರು ಜಾತಿಮತಗಳ ಗೆರೆಯನ್ನು ದಾಟಿ ಆ ಪರಂಪರೆಯನ್ನು ಬೆಳೆಸಿದರು. ಏಕತಾರಿ ಹಿಡಿದು ರಾತ್ರಿಯಿಡೀ ಪದ ಹಾಡುವವನು, ಹಾಡಿದ ಪದದ ಒಳಾರ್ಥವನ್ನು ಬಿಡಿಸಿ ಹೇಳುವವನು, ತನ್ನ ಹೆಸರನ್ನೂ ಬರೆಯಲಾರದವನಾಗಿರುವುದು ಈ ಕಡೆ ಸೋಜಿಗದ ಸಂಗತಿಯಲ್ಲ. ಇದೇ ಜಿಲ್ಲೆಯ ಮಳಖೇಡವನ್ನು ಆಳಿದ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡನಾಡಿನ ಜನ ಓದದೆಯೂ ಕಾವ್ಯದಲ್ಲಿ ಪರಿಣತರೆಂದು ಹೊಗಳಿದೆ. ಕನ್ನಡಿಗರು ಆ ಹೊಗಳಿಕೆಯನ್ನು ಸಭೆಸಭೆಯಲ್ಲಿ ಎತ್ತಿಹೇಳುತ್ತಾರೆ. ತಪ್ಪೇನಿಲ್ಲ. ಆದರೆ ಕಾವ್ಯದ ಪರಿಣತಿಯಿಂದ ಸಾಲದ ಪತ್ರವನ್ನು ಓದಲಾಗುವುದಿಲ್ಲ. ಪದದ ಗೂಢಾರ್ಥವನ್ನು ಬಲ್ಲ ರೈತನೂ ಸಾಹುಕಾರನ ಕಾಗದದ ಸರಳಾರ್ಥ ತಿಳಿಯದೆ ಹೆಬ್ಬೆಟ್ಟನ್ನು ಒತ್ತಿದ್ದಾನೆ.

ಇನ್ನೊಂದು ಬಗೆಯ ನಿರಕ್ಷರತೆಯೂ ಈ ನಾಡಿನಲ್ಲಿತ್ತು. ಅದನ್ನು ಹಳೆಯ ಮೈಸೂರಿನ ಕಡೆಯವರು ಸುಲಭವಾಗಿ ಊಹಿಸಲಾರರು. ಕಲಬುರಗಿ ಜಿಲ್ಲೆ ಆಗ ನಿಜಾಮನ ಹೈದರಾಬಾದು ಸಂಸ್ಥಾನದಲ್ಲಿತ್ತು. 1884ರಲ್ಲಿ ಫಾರಸಿಯ ಸ್ಥಾನಕ್ಕೆ ಉರ್ದು ಬಂದು ಸಂಸ್ಥಾನದ ಆಡಳಿತ ಭಾಷೆಯಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲಿಯೇ ಆರಂಭವಾಯಿತು. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದ್ದು ದೊಡ್ಡ ಸಾಹಸವೇ ಸರಿ. ಆದರೆ ಭೀಮೆಯ ದಂಡೆಯ ಒಕ್ಕಲಿಗನಿಗೆ ಅದು ದೇಶಭಾಷೆಯಾಗಿರಲಿಲ್ಲ. ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕನ್ನಡ ಕಲಿತ ಹುಡುಗನೂ ದೊಡ್ಡವನಾಗಿ ಕಛೇರಿಗೆ ಹೋದರೆ ಅಲ್ಲಿನ ಕಾಗದ ಬಲದಿಂದ ಎಡಕ್ಕೆ ಓಡುವ ಬೇರೊಂದು ಲಿಪಿಯಲ್ಲಿರುತ್ತಿತ್ತು. ಮನೆಯಲ್ಲಿ ಓದುಬಲ್ಲವನೆನಿಸಿಕೊಂಡವನು ಕಛೇರಿಯ ಕಟ್ಟೆ ಹತ್ತಿದೊಡನೆ ನಿರಕ್ಷರಿಯಾಗುತ್ತಿದ್ದನು. ಅರ್ಜಿ, ತಕರಾರು, ವಸೂಲಿ, ಮಂಜೂರು ಮೊದಲಾದ ಮಾತುಗಳೆಲ್ಲ ಅವನ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಕನ್ನಡಿಗರು ನಿತ್ಯ ಬಳಸುವ ‘ಸಹಿ’ ಎಂಬ ಶಬ್ದವೇ ಅರಬ್ಬಿಯ ಮೂಲದ್ದೆಂಬುದನ್ನು ಇಲ್ಲಿ ನೆನೆಯಬಹುದು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯಾಗಿ ಮಾಡಿದ ಕಾಯಿದೆ ಹೊರಟಿತು. ಲಿಪಿಯ ತೊಡಕು ನೀಗಿತು.

ಲಿಪಿ ತನ್ನದಾದ ಮೇಲೆ ಓದು ತಾನಾಗಿ ಬಂದೀತೆಂದು ಭಾವಿಸುವುದು ಸರಿಯಲ್ಲ. ಕನ್ನಡದ ವರ್ಣಮಾಲೆಯನ್ನು ಬಾಯಿಪಾಠ ಹೇಳಿದೊಡನೆ ಮಗು ಓದಲು ಕಲಿಯಿತೆಂದು ಹೆತ್ತವರು ಹಿಗ್ಗುತ್ತಾರೆ. ನಿಜವಾದ ಕೆಲಸ ಆಮೇಲಿನದು. ಒಂದೊಂದು ವ್ಯಂಜನಕ್ಕೂ ಹತ್ತಕ್ಕೆ ಮಿಕ್ಕಿದ ಗುಣಿತಗಳು. ಎಲ್ಲವನ್ನೂ ಕೂಡಿಸಿದರೆ ನಾನೂರಕ್ಕೂ ಹೆಚ್ಚು ರೂಪಗಳು. ಅವುಗಳ ಮೇಲೆ ಒತ್ತಕ್ಷರಗಳು. ಕನ್ನಡ ಮಕ್ಕಳ ಓದನ್ನು ಪರೀಕ್ಷಿಸಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂದು ತೋರಿಸಿದ್ದಾರೆ. ಎರಡನೆಯ ತರಗತಿಯಲ್ಲಿ ಬಿಟ್ಟುಹೋದ ಮಗುವಿಗೆ ‘ಮರ’ ಬಂದಿರುತ್ತದೆ, ‘ಸ್ವಾಧೀನ’ ಬಂದಿರುವುದಿಲ್ಲ. ಸುಗ್ಗಿಯ ಕಾಲದಲ್ಲಿ ಹತ್ತಿ ಬಿಡಿಸಲು ಶಾಲೆ ತಪ್ಪಿಸಿಕೊಳ್ಳುವ ಮಗುವಿನ ನಷ್ಟ ಈ ಒತ್ತಕ್ಷರಗಳಲ್ಲಿದೆ.

ಕಲಿಸುವ ಬಗೆಯನ್ನು ಬದಲಿಸುವ ಪ್ರಯತ್ನಗಳೂ ನಡೆದಿವೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಅನಂತರ ರಾಜ್ಯಕ್ಕೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿ ಅಆಇಈಯಿಂದ ಹೊರಡುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಹೊರಡುತ್ತದೆ. ಐದೇ ಅಕ್ಷರಗಳಲ್ಲಿ ಮಗುವಿಗೆ ಸರ, ದರ, ಅರಸ, ಅಗಸ, ಗರಗಸಗಳು ಸಿಗುತ್ತವೆ. ಅಕ್ಷರದ ಹಿಂದೆಯೇ ಅರ್ಥ ಬರುತ್ತದೆ. ಆದರೂ ಮನೆಯ ಮಾತಿಗೂ ಪುಸ್ತಕದ ಮಾತಿಗೂ ನಡುವೆ ಒಂದು ಹಳ್ಳ ಉಳಿದೇ ಇದೆ. ಯಡ್ರಾಮಿಯ ಮಗು ಮನೆಯಲ್ಲಿ ‘ಹೊಂಟೀನಿ’ ಎನ್ನುತ್ತದೆ, ಪುಸ್ತಕ ‘ಹೋಗುತ್ತಿದ್ದೇನೆ’ ಎನ್ನುತ್ತದೆ. ಮನೆಯ ಮಾತನ್ನು ತಪ್ಪೆಂದು ಗದರಿಸುವ ಉಪಾಧ್ಯಾಯನು ಮಗುವಿನ ಬಾಯಿಯನ್ನೇ ಮುಚ್ಚಿಸುತ್ತಾನೆ. ಎರಡೂ ಕನ್ನಡವೆಂದು ತಿಳಿಹೇಳುವವನು ಹಳ್ಳಕ್ಕೆ ಹಲಗೆ ಹಾಕುತ್ತಾನೆ.

ವಯಸ್ಕರ ಕಥೆ ಬೇರೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದ ಮೇಲೆ ಊರೂರುಗಳಲ್ಲಿ ರಾತ್ರಿಯ ತರಗತಿಗಳು ನಡೆದವು. 2009ರಲ್ಲಿ ಬಂದ ‘ಸಾಕ್ಷರ ಭಾರತ’ ಮುಖ್ಯವಾಗಿ ಹೆಂಗಸರನ್ನು ಉದ್ದೇಶಿಸಿದ್ದು. ಹಗಲೆಲ್ಲ ಕಳೆ ತೆಗೆದು ಬಂದ ಹೆಣ್ಣುಮಗಳು ದೀಪದ ಮುಂದೆ ಕುಳಿತು ಮೊಟ್ಟಮೊದಲು ಕಲಿಯುವುದು ತನ್ನ ಹೆಸರನ್ನು. ಹೆಬ್ಬೆಟ್ಟಿನ ಮಸಿಯಿಂದ ಪಾರಾಗುವುದು ಸಣ್ಣ ಮರ್ಯಾದೆಯೇನಲ್ಲ. ಆದರೆ ಬಹುಮಂದಿಯ ವಿದ್ಯೆ ಆ ರುಜುವಿನಲ್ಲಿಯೇ ನಿಂತುಹೋಗುತ್ತದೆ. ಓದಲು ಮನೆಯಲ್ಲಿ ಏನೂ ಇಲ್ಲದಿದ್ದರೆ ಕಲಿತ ಅಕ್ಷರ ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ. ಓದಲಾರದ ಕಾಗದದ ಕೆಳಗೆ ಅಂದವಾಗಿ ರುಜು ಹಾಕುವುದು ಹೆಬ್ಬೆಟ್ಟಿಗಿಂತ ಅಪಾಯಕರವೆಂದರೂ ತಪ್ಪಾಗದು. ಓದಿಯೇ ಒಪ್ಪಿದಳೆಂಬುದಕ್ಕೆ ಅದು ಸಾಕ್ಷಿಯಾಗುತ್ತದಲ್ಲವೆ? ನಗರದ ವಾಚಕರು ಇದಕ್ಕೆ ನಗಬೇಕಾಗಿಲ್ಲ. ವಿಮೆಯ ಪತ್ರದ ಹಿಂಬದಿಯಲ್ಲಿರುವ ಇರುವೆಸಾಲಿನಂಥ ಅಕ್ಷರಗಳನ್ನು ಓದಿದ ಮೇಲೆಯೇ ಸಹಿ ಹಾಕಿದವರು ಎಷ್ಟು ಮನೆಗಳಲ್ಲಿದ್ದಾರೆ?

ಈ ಸೀಮೆಯ ಮನೆಗಳಲ್ಲಿ ಓದಲೇಬೇಕಾದ ಕಾಗದವೆಂದರೆ ಪಹಣಿ. ಗ್ರಾಮಲೆಕ್ಕಿಗನ ಕೈಬರಹದ ಪಹಣಿಯ ಕಾಲ ಮುಗಿದು, ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಅಚ್ಚಿನ ಪಹಣಿ ಕನ್ನಡದಲ್ಲಿಯೇ ಬಂದಿತು. ಅದರ ಒಂಬತ್ತನೆಯ ಅಂಕಣದಲ್ಲಿ ಸ್ವಾಧೀನದಾರರ ಹೆಸರು. ಹನ್ನೊಂದನೆಯದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಬ್ಯಾಂಕಿನ ಸಾಲ ಜಮೀನಿನ ಮೇಲೆ ಕುಳಿತಿದೆಯೆ, ತೀರಿದ ಸಾಲದ ನಮೂದು ಅಳಿಸಿದೆಯೆ, ಗಂಡ ತೀರಿಕೊಂಡ ಮೇಲೆ ತನ್ನ ಹೆಸರು ಸೇರಿದೆಯೆ ಎಂಬುದೆಲ್ಲ ಆ ಎರಡು ಅಂಕಣಗಳಲ್ಲಿದೆ. ಓದುಬಾರದವಳು ಅದನ್ನು ಇನ್ನೊಬ್ಬರ ಕೈಗೆ ಕೊಡಬೇಕು; ಅವರು ಓದಿ ಹೇಳಿದಷ್ಟೇ ಅವಳ ಹೊಲ.

ಈಗ ಆ ಕಾಗದವನ್ನು ಓದುವ ಕೆಲಸ ಮನೆಯ ಮಕ್ಕಳ ಪಾಲಿಗೆ ಬಂದಿದೆ. ಹಳೆಯ ಬಾಲಬೋಧೆಯಲ್ಲಿ ‘ಋ’ ಎಂದರೆ ಗಡ್ಡ ಬಿಟ್ಟ ಋಷಿಯ ಚಿತ್ರ. ಪಹಣಿಯಲ್ಲಿ ಅದೇ ಅಕ್ಷರ ಋಣದ ತಲೆಯ ಮೇಲಿದೆ. ನಾಲ್ಕನೆಯ ತರಗತಿಯ ಹುಡುಗ ಬೆರಳಿಟ್ಟು ಒಂಬತ್ತನೆಯ ಅಂಕಣವನ್ನು ತಡವರಿಸಿ ಮುಗಿಸಿ, ಹನ್ನೊಂದಕ್ಕೆ ಬಂದು ನಿಲ್ಲುತ್ತಾನೆ. ಪಕ್ಕದಲ್ಲಿ ಕುಳಿತ ಅಜ್ಜಿ ಕೇಳುತ್ತಾಳೆ: “ಅಲ್ಲಿ ಎಷ್ಟು ಬರದಾರ, ಸರಿಯಾಗಿ ನೋಡಪಾ.”