ಕೈ ಹೋದ ಬಡಗಿಗೆ ಎಷ್ಟು ಪರ್ಸೆಂಟು?

ಮೋಟಾರು ವಾಹನ ಅಪಘಾತ ಪರಿಹಾರದ (ಎಂವಿಸಿ) ಕೇಸು ನಡೆಯುವ ಕೋರ್ಟಿನ ಕಾರಿಡಾರಿನಲ್ಲಿ ಊರುಗೋಲು, ಎಕ್ಸ್‌ರೇ ಲಕೋಟೆಗಳ ಜೊತೆ ಒಂದೇ ಪ್ರಶ್ನೆ ಓಡಾಡುತ್ತಿರುತ್ತದೆ: ‘ಡಾಕ್ಟ್ರು ಎಷ್ಟು ಪರ್ಸೆಂಟ್ ಕೊಟ್ಟಿದಾರೆ?’ ಅಪಘಾತದಲ್ಲಿ ಅಂಗ ಊನವಾದವರ ಪರಿಹಾರ ಬಹುಮಟ್ಟಿಗೆ ಈ ಸಂಖ್ಯೆಗೆ ಜೋತುಬಿದ್ದಿದೆ. ಆದರೆ ವೈದ್ಯರು ಅಳೆಯುವುದು ದೇಹವನ್ನು. ನ್ಯಾಯಾಲಯ ಅಳೆಯಬೇಕಾದದ್ದು ದುಡಿಮೆಯನ್ನು. ಇದನ್ನು ಕಾನೂನು ಬಿಡಿಸಿ ಹೇಳಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ ಅಂಗಾಂಗಗಳಿಗೆ ಒಂದು ದರಪಟ್ಟಿಯನ್ನೇ ಬರೆಯಿತು. ಇಂದಿನ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ 30ರಷ್ಟು ನಷ್ಟ. ಬೆರಳು ದರ್ಜಿಯದೋ ಕಾವಲುಗಾರನದೋ ಎಂದು ಪಟ್ಟಿ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಕೇಳಿಸಿದವನು ಒಡಿಶಾದ ಒಬ್ಬ ಬಡಗಿ. 1968ರಲ್ಲಿ ಚಿತ್ರಮಂದಿರವೊಂದರ ಅಲಂಕಾರದ ಕೆಲಸ ಮಾಡುವಾಗ ಬಿದ್ದು, ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಇದು ಪೂರ್ಣ ಅಂಗವೈಕಲ್ಯವಲ್ಲ ಎಂದು ಮಾಲೀಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 1975ರ ಡಿಸೆಂಬರಿನಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಒಂಟಿ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು. ಇಷ್ಟು ಸರಳವಾದ ಮಾತಿಗೆ ಏಳು ವರ್ಷ!

ರಸ್ತೆ ಅಪಘಾತಗಳ ನ್ಯಾಯಮಂಡಳಿಗೆ ಮೋಟಾರು ವಾಹನ ಕಾಯ್ದೆಯ 1956ರ ತಿದ್ದುಪಡಿ ದಾರಿ ಮಾಡಿತ್ತು. ಅಲ್ಲಿ ವೈದ್ಯರ ಸರ್ಟಿಫಿಕೇಟೇ ಆಧಾರ. ನಮ್ಮ ಕಡೆ ಒಂದು ರೂಢಿಯೂ ಬೆಳೆಯಿತು: ಕಾಲಿಗೆ ಶೇ 45 ಎಂದು ಬರೆದರೆ ಅದರ ಮೂರನೇ ಒಂದು ಭಾಗ, ಅಂದರೆ ಶೇ 15, ಇಡೀ ದೇಹದ ಲೆಕ್ಕ. ಮೂವತ್ತು ವಯಸ್ಸಿನ, ತಿಂಗಳಿಗೆ 15,000 ರೂಪಾಯಿ ದುಡಿಯುವ ಗಾರೆ ಕೆಲಸದವನನ್ನು ತೆಗೆದುಕೊಳ್ಳಿ. ವರ್ಷದ ದುಡಿಮೆ 1,80,000. ಆ ವಯಸ್ಸಿಗೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, 17. ಮುಂದಿನ ಆದಾಯದ ಏರಿಕೆ ಬದಿಗಿಟ್ಟರೆ ಒಟ್ಟು 30,60,000. ಅದರ ಶೇ 15 ಎಂದರೆ 4,59,000. ಸಾರುವೆ ಹತ್ತಲಾಗದ ಗಾರೆಯವನಿಗೆ ಇದು ನ್ಯಾಯವೇ?

2010ರ ಅಕ್ಟೋಬರಿನಲ್ಲಿ ಈ ಗೋಜಲನ್ನು ಬಿಡಿಸಿದವರು ಕರ್ನಾಟಕ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟಿಗೇರಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಎಡಗೈ ಕಳೆದುಕೊಂಡ ಚಾಲಕನಿಗೆ ನಷ್ಟ ಪೂರ್ತಿ; ಸರ್ಕಾರಿ ಗುಮಾಸ್ತನ ಸಂಬಳಕ್ಕೆ ನಷ್ಟವೇ ಇಲ್ಲದಿರಬಹುದು. ಹಾಗಾಗಿ ಮೊದಲು ನೋಡಬೇಕಾದದ್ದು ವ್ಯಕ್ತಿ ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂಬುದನ್ನು. ಬರೀ ಸರ್ಟಿಫಿಕೇಟ್ ತಂದರೆ ಸಾಲದು, ವೈದ್ಯರು ಸಾಕ್ಷಿ ನುಡಿಯಬೇಕು. 2014ರಲ್ಲಿ ನ್ಯಾಯಮೂರ್ತಿ ವಿ. ಗೋಪಾಲಗೌಡರಿದ್ದ ಪೀಠ, ಕರ್ನಾಟಕದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ, ಬಲಗಾಲು ಕಳೆದುಕೊಂಡ ತರಕಾರಿ ವ್ಯಾಪಾರಿಗೆ ಶೇ 85 ನಷ್ಟ ಎಂದು ತೀರ್ಮಾನಿಸಿತು. ಕಾಗದಪತ್ರವಿಲ್ಲದಿದ್ದರೂ ತಿಂಗಳಿಗೆ 6,500 ರೂಪಾಯಿ ಗಳಿಕೆಯನ್ನು ಒಪ್ಪಿತು. ತರಕಾರಿ ಮಾರುವವನಿಂದ ಸಂಬಳದ ಚೀಟಿ ಕೇಳಬಾರದಲ್ಲ!

ವಕೀಲರ ಕೈಚಳಕ ಬೇಕಾಗುವುದು ಇಲ್ಲೇ. ‘ಮಂಡಿ ಎಷ್ಟು ಮಡಚುತ್ತದೆ? ಕುಕ್ಕರಗಾಲಲ್ಲಿ ಕೂರಬಲ್ಲನೇ? ಮೂಟೆ ಹೊತ್ತು ಏಣಿ ಹತ್ತಬಲ್ಲನೇ?’ ಎಂದು ವೈದ್ಯರ ಬಾಯಿಂದ ಉತ್ತರ ಹೊರಡಿಸಬೇಕು. ಮೇಸ್ತ್ರಿಯನ್ನೋ ನೆರೆಯ ಅಂಗಡಿಯವರನ್ನೋ ಸಾಕ್ಷಿಗೆ ಕರೆತರಬೇಕು. ಈ ಶ್ರಮ ಬಿಟ್ಟು ಸರ್ಟಿಫಿಕೇಟು ಸಲ್ಲಿಸಿ ಕೂತ ಕೇಸು ಮತ್ತೆ ಆ ಮೂರನೇ ಒಂದು ಭಾಗಕ್ಕೇ ಬಂದು ನಿಲ್ಲುತ್ತದೆ.

ಕಾರಿಡಾರಿನಲ್ಲಿ ಪಿಸುಗುಟ್ಟುವ ಇನ್ನೊಂದು ಪರ್ಸೆಂಟೂ ಇದೆ: ಬಂದ ಪರಿಹಾರದಲ್ಲಿ ವಕೀಲರ ಪಾಲು. ಅಮೆರಿಕದಲ್ಲಿ ಅಂಗವಿಕಲರ ಸಾಮಾಜಿಕ ಭದ್ರತೆಯ ಕೇಸುಗಳಲ್ಲಿ ಬಾಕಿ ಹಣದ ಶೇ 25ರ ಮಿತಿಯೊಳಗೆ ಕಾನೂನೇ ಇದಕ್ಕೆ ಒಪ್ಪುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಇಂಥ ಒಪ್ಪಂದವನ್ನು ನಿಷೇಧಿಸಿದೆ. ಯಾರಾದರೂ ಕೇಳಿದರೆ ಕೊಡಬೇಕಾಗಿಲ್ಲ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಪರಿಹಾರದ ಅರ್ಜಿ ಸಲ್ಲಿಸಲು ಆರು ತಿಂಗಳ ಗಡುವು ಹಾಕಿದೆ, ಆದ್ದರಿಂದ ತಡಮಾಡಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಅಂಗವಿಕಲರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಅಥವಾ ಜಿಲ್ಲಾ ಕೋರ್ಟಿನಲ್ಲಿರುವ ಕಾನೂನು ಸೇವಾ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.