ಅಡಿಗೆಯ ಮನೆಯ ಜೀರ್ಣೋದ್ಧಾರ

ಗುಡಿಯ ಜೀರ್ಣೋದ್ಧಾರವೆಂದರೆ ಊರೆಲ್ಲ ಒಂದುಗೂಡುತ್ತದೆ. ತಿಳಿದವರನ್ನು ಕರೆದು ಕೇಳುತ್ತಾರೆ, ನಕ್ಷೆ ಬರೆಸುತ್ತಾರೆ, ಒಳ್ಳೆಯ ದಿನ ನೋಡುತ್ತಾರೆ. ಮನೆಯ ಅಡಿಗೆಯ ಕೋಣೆಯನ್ನು ಹೊಸದು ಮಾಡುವಾಗ ಮಾತ್ರ ಇಷ್ಟು ವಿಚಾರ ಕಾಣುವುದಿಲ್ಲ. ಗೌಂಡಿ ಬರುತ್ತಾನೆ, ಯಜಮಾನರು ಬಾಗಿಲಲ್ಲಿ ನಿಂತು ಕೈ ತೋರಿಸುತ್ತಾರೆ, ಸಂಜೆಯೊಳಗೆ ಹಳೆಯ ಒಲೆ ಕಲ್ಲುಮಣ್ಣಿನ ಗುಡ್ಡೆಯಾಗಿರುತ್ತದೆ. ಮೂವತ್ತು ವರ್ಷ ಆ ಒಲೆಯ ಮುಂದೆ ಕುಳಿತವರನ್ನು “ನಿಮಗೆ ಹೇಗಿದ್ದರೆ ಅನುಕೂಲ?” ಎಂದು ಕೇಳಿದವರು ಇರುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಆ ಪ್ರಶ್ನೆಯನ್ನು ಮೊದಲು ಕೇಳಿರಿ, ಗೋಡೆಯನ್ನು ಆಮೇಲೆ ಒಡೆಯಿರಿ.

ಅಡಿಗೆಯ ಮನೆಯ ಮಾತು ಪಂಡಿತರಿಗೆ ತಕ್ಕದ್ದಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಸುಮಾರು ೧೦೨೫ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ಮನೆ ಕಟ್ಟುವ ವಿಚಾರವೂ ಉಂಟು, ನೀರಿನ ನೆಲೆ ಕಾಣುವ ವಿಚಾರವೂ ಉಂಟು, ಅಡಿಗೆಯ ವಿಚಾರವೂ ಉಂಟು. ಈ ಮೂರೂ ಒಂದೇ ಸಂಸಾರಕ್ಕೆ ಸೇರಿದ ವಿದ್ಯೆಗಳೆಂದು ಹಿಂದಿನವರು ಬಲ್ಲರು. ತರ್ಕಶಾಸ್ತ್ರ ಓದಿದವರಿಗೆ ‘ಮಹಾನಸ’ವೆಂಬ ಶಬ್ದ ನೆನಪಿರಬಹುದು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬುದಕ್ಕೆ ತಾರ್ಕಿಕರು ಕೊಡುವ ಉದಾಹರಣೆಯೇ ಮಹಾನಸ, ಅಂದರೆ ಅಡಿಗೆಯ ಮನೆ. ತಾರ್ಕಿಕರಿಗೆ ಉದಾಹರಣೆ ಸಿಕ್ಕಿತು. ಒಲೆ ಊದಿದವರಿಗೆ ಕಣ್ಣುರಿ, ಕೆಮ್ಮು ಸಿಕ್ಕಿತು. ಸೌದೆ, ಸಗಣಿ ಮುಂತಾದವುಗಳ ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಪ್ರಪಂಚದಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ನಮ್ಮ ಬಳ್ಳಾರಿ ಸೀಮೆಯ ಹಳೆಯ ಅಡಿಗೆಯ ಮನೆ ಹೇಗಿತ್ತು, ಏಕೆ ಹಾಗಿತ್ತು ಎಂಬುದನ್ನು ಮೊದಲು ನೋಡೋಣ. ದಪ್ಪನಾದ ಕಲ್ಲಿನ ಗೋಡೆ. ತೊಲೆ, ಜಂತೆಗಳ ಮೇಲೆ ಚೌಳು ಮಣ್ಣಿನ ಮಾಳಿಗೆ. ನಡುವೆ ಒಂದು ಬೆಳಕಿಂಡಿ. ಬೇಸಿಗೆಯ ಬಿಸಿಲು ೪೦ ಡಿಗ್ರಿ ದಾಟುವ ಈ ನಾಡಿನಲ್ಲಿ ಆ ಗೋಡೆ, ಆ ಮಾಳಿಗೆ ಒಳಗನ್ನು ತಂಪಾಗಿಡುತ್ತಿದ್ದವು. ಬೆಳಕಿಂಡಿ ಬೆಳಕನ್ನು ಇಳಿಸಿ ಹೊಗೆಯನ್ನು ಹತ್ತಿಸುತ್ತಿತ್ತು. ಒಲೆಗೆ ಹತ್ತಿಕಟ್ಟಿಗೆ, ಇಲ್ಲವೆ ನಾಡೆಲ್ಲ ನಮ್ಮ ಊರಿನ ಹೆಸರಿಟ್ಟು ಕರೆಯುವ ಬಳ್ಳಾರಿ ಜಾಲಿ. ಒಲೆ ನೆಲದ ಮೇಲಿತ್ತು. ಜೋಳದ ರೊಟ್ಟಿ ಬಡಿಯುವವರು ಮಣೆಯ ಮೇಲೆ ಕುಳಿತು, ಭುಜದ ಭಾರವನ್ನೆಲ್ಲ ಅಂಗೈಗೆ ಇಳಿಸಿ ಬಡಿಯುತ್ತಿದ್ದರು. ಹೊಗೆಯೊಂದನ್ನು ಬಿಟ್ಟರೆ ಅದು ಬುದ್ಧಿವಂತರು ಕಟ್ಟಿದ ಮನೆಯೇ.

ಆ ಹೊಗೆಯನ್ನು ಕಳೆಯುವ ಪ್ರಯತ್ನಗಳೂ ನಮ್ಮ ಸುತ್ತಿನಲ್ಲೇ ನಡೆದವು. ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿದ ೧೯೫೩ನೆಯ ವರ್ಷದಲ್ಲೇ, ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರ ಹೊಗೆಯಿಲ್ಲದ ಅಡಿಗೆಯ ಮನೆಯ ಪುಸ್ತಕ ಹೊರಬಂತು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ವೆಂಬ ವಿಭಾಗ ಹುಟ್ಟಿತು, ಅಲ್ಲಿಂದ ಬಂದ, ಹೊಗೆಗೊಳವಿಯುಳ್ಳ ಅಸ್ತ್ರ ಒಲೆಯನ್ನು ಕರ್ನಾಟಕದ ಅನೇಕ ಹಳ್ಳಿಗಳು ಕಂಡವು. ೨೦೧೬ರ ಮೇ ೧ರಂದು ಉಜ್ವಲ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೂ ಗ್ಯಾಸಿನ ಒಲೆ ಬಂತು. ಒಲೆ ಬದಲಾದೊಡನೆ ಬೆಂಕಿ ನೆಲ ಬಿಟ್ಟು ಕಟ್ಟೆ ಏರಿತು. ಕುಳಿತಿದ್ದವರು ಎದ್ದು ನಿಂತರು. ನಮ್ಮ ಈಗಿನ ತೊಡಕೆಲ್ಲ ಹುಟ್ಟುವುದು ಇಲ್ಲಿಂದ.

ಸಿರುಗುಪ್ಪದಲ್ಲಿ ನನ್ನ ಪರಿಚಯದವರ ಮನೆಯೊಂದಿದೆ. ಮಗ ಸಂತೋಷದಿಂದ ಹಣ ಹಾಕಿ ಹೊಳೆಯುವ ಗ್ರಾನೈಟಿನ ಕಟ್ಟೆ ಕಟ್ಟಿಸಿದ. ಎತ್ತರ ೩೪ ಇಂಚು. ಎಲ್ಲರ ಮನೆಯಲ್ಲೂ ಅಷ್ಟೇ ಇರುತ್ತದೆಂದು ಗೌಂಡಿ ಹೇಳಿದ್ದ. ತಾಯಿಯ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಆಕೆ ಕೆಲವು ದಿನ ಮಣೆಯ ಮೇಲೆ ನಿಂತು ರೊಟ್ಟಿ ಬಡಿದರು. ಭುಜ ಹಿಡಿದುಕೊಂಡಿತು. ಈಗ ಆ ಮನೆಗೆ ರೊಟ್ಟಿ ಅಂಗಡಿಯಿಂದ ಬರುತ್ತದೆ. ಬಂಧುಬಳಗವೆಲ್ಲ ಹೊಗಳುತ್ತಿದ್ದ ಕೈ ಸುಮ್ಮನೆ ಕುಳಿತಿದೆ. ಯಾರೂ ಕೆಟ್ಟದ್ದು ಬಯಸಲಿಲ್ಲ. ಅಳತೆಯನ್ನು ಕೋಣೆಯಿಂದ ತೆಗೆದುಕೊಂಡರು, ಕೆಲಸ ಮಾಡುವವರ ಮೈಯಿಂದ ತೆಗೆದುಕೊಳ್ಳಲಿಲ್ಲ; ಅಷ್ಟೇ.

ಹಾಗಾದರೆ ಅಳತೆ ಹೇಗೆ? ಅಡಿಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈಯನ್ನು ಮಡಿಸಲಿ. ನೆಲದಿಂದ ಮೊಣಕೈಯವರೆಗೆ ಎಷ್ಟಾಯಿತೋ ಅದರಲ್ಲಿ ನಾಲ್ಕು ಇಂಚು ಕಳೆಯಿರಿ. ಹೆಚ್ಚುವ, ತೊಳೆಯುವ ಕಟ್ಟೆಗೆ ಅದು ಸರಿಯಾದ ಎತ್ತರ. ಹಿಟ್ಟು ನಾದುವ, ರೊಟ್ಟಿ ಬಡಿಯುವ ಕಡೆ ಭುಜದ ಭಾರ ಬೀಳಬೇಕಾದುದರಿಂದ ಇನ್ನೂ ಮೂರು ನಾಲ್ಕು ಇಂಚು ತಗ್ಗಿಸಬೇಕು. ಗ್ಯಾಸಿನ ಒಲೆಗೆ ತನ್ನದೇ ಎತ್ತರವಿದೆ, ಅದರ ಮೇಲೆ ಪಾತ್ರೆಯ ಎತ್ತರವೂ ಸೇರುತ್ತದೆ. ಆದ್ದರಿಂದ ಒಲೆಯಿಡುವ ಭಾಗವೂ ತಗ್ಗಾಗಿರುವುದು ಲೇಸು. ಕಟ್ಟೆಯೆಲ್ಲ ಒಂದೇ ಮಟ್ಟದಲ್ಲಿ ಇರಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಸ್ಥಳವಿದ್ದರೆ ಒಂದು ಮೂಲೆಯಲ್ಲಿ, ಕುಳಿತು ರೊಟ್ಟಿ ಬಡಿಯುವಂತೆ, ತಗ್ಗಾದ ಕಲ್ಲನ್ನೇ ಹಾಕಿಸಿರಿ. ಇದು ಹಳ್ಳಿಯ ಹಟವೆಂದು ನಗುವವರಿಗೆ ಒಂದು ಮಾತು: ೧೯೨೬ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗಾಗಿ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಅಡಿಗೆಯ ಮನೆಯೊಂದನ್ನು ರೂಪಿಸಿದರು. ಸುಮಾರು ಆರೂಕಾಲು ಅಡಿ ಅಗಲ, ಹನ್ನೊಂದು ಅಡಿ ಉದ್ದ. ಅಂಥವು ಸುಮಾರು ೧೦,೦೦೦ ಮನೆಗಳಲ್ಲಿ ಕಟ್ಟಲ್ಪಟ್ಟವು. ಈಗಿನ ಸಾಲುಗೂಡುಗಳ ಅಡಿಗೆಯ ಮನೆಗೆಲ್ಲ ಅದು ಮೂಲವೆನ್ನುತ್ತಾರೆ. ಅದರಲ್ಲಿಯೂ ಕಿಟಕಿಯ ಬಳಿ ಕುಳಿತು ಕೆಲಸ ಮಾಡಲು ಒಂದು ಪೀಠವಿತ್ತು.

ಅಳತೆಯಾದ ಮೇಲೆ ನಕ್ಷೆ. ಒಂದು ವಾರ ಅಡಿಗೆಯ ಮನೆಯಲ್ಲಿ ನಡೆಯುವ ಓಡಾಟವನ್ನು ಗಮನಿಸಿರಿ. ನೀರು, ಬೆಂಕಿ, ದವಸ ಈ ಮೂರರ ನಡುವೆ ಎಷ್ಟು ಸಲ ನಡೆಯಬೇಕಾಗಿದೆ? ಯಾವ ಡಬ್ಬಿ ದಿನವೂ ಬೇಕು, ಯಾವುದು ಹಬ್ಬಕ್ಕೆ ಮಾತ್ರ? ಆಮೇಲೆ ಸೀಮೆಸುಣ್ಣದಿಂದ ನೆಲದ ಮೇಲೆಯೇ ಹೊಸ ಕಟ್ಟೆಯ ಗೆರೆಗಳನ್ನು ಎಳೆದು, ಅಡಿಗೆ ಮಾಡುವವರು ಅದರೊಳಗೆ ನಿಂತು, ಬಾಗಿ, ತಿರುಗಿ ನೋಡಲಿ. ಸೀಮೆಸುಣ್ಣದ ಗೆರೆಯನ್ನು ಒರಸುವುದು ಸುಲಭ. ಕಲ್ಲನ್ನು ಕೀಳುವುದು ಕಷ್ಟ. ನಲ್ಲಿಯ ನೀರು ಬಿಡುವ ದಿನ ಕಾದು ತುಂಬಿಟ್ಟುಕೊಳ್ಳುವುದು ನಮ್ಮವರಿಗೆ ಹೊಸದಲ್ಲವಾದ್ದರಿಂದ, ಹಂಡೆ ಕೊಡಗಳ ಜಾಗವನ್ನು ನಕ್ಷೆಯಲ್ಲಿಯೇ ಗುರುತು ಮಾಡಿರಿ. ಒಳಕಲ್ಲನ್ನು ಹೊರಗೆ ಎಸೆಯುವ ಮುನ್ನವೂ ಮನೆಯ ಹಿರಿಯರನ್ನು ಕೇಳಿರಿ. ಕೆಲಸ ಮಾಡುತ್ತ ಬಾನುಲಿ ಕೇಳುವವರಿದ್ದರೆ ನೀರು ಸಿಡಿಯದ ಕಡೆ ಅದಕ್ಕೂ ಒಂದು ಗೂಡು ಇರಲಿ.

ಇನ್ನು ಒಲೆ ಯಾವ ಮೂಲೆಗೆ? ಆಗ್ನೇಯವೆಂದು ವಾಸ್ತುಶಾಸ್ತ್ರ ಹೇಳುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬೀಸುವ ನಮ್ಮ ಸೀಮೆಯಲ್ಲಿ, ಆ ಮೂಲೆಯ ಹೊಗೆ ಮನೆಯೊಳಗೆ ನುಗ್ಗದೆ ಹೊರಗೆ ಹೋಗಲು ಅದು ಅನುಕೂಲವೇ. ಆದರೆ ಆಗ್ನೇಯದಲ್ಲಿ ಕಿಟಕಿಯೇ ಇಲ್ಲದಿದ್ದರೆ ಹಟ ಬೇಡ. ಗಾಳಿಯಿರುವ ಕಡೆ ಒಲೆಯಿರಲಿ. ಹೊಗೆಯಿಲ್ಲದ ಬೆಂಕಿಗೆ ತಾರ್ಕಿಕರು ಕಾಯ್ದ ಕಬ್ಬಿಣದ ಗುಂಡನ್ನು ತೋರಿಸುತ್ತಿದ್ದರು. ಇಂದು ಗ್ಯಾಸಿನ ಒಲೆಯನ್ನು ತೋರಿಸಬಹುದು. ಹೊಗೆ ಕಾಣದಿದ್ದರೂ ಅದಕ್ಕೆ ಗಾಳಿ ಬೇಕೇ ಬೇಕು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದದ್ದು. ಸೋರಿದರೆ ಮೇಲೇರದೆ ನೆಲದ ಮೇಲೆ ನಿಲ್ಲುತ್ತದೆ. ಆದಕಾರಣ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಒಲೆಯನ್ನು ಅದಕ್ಕಿಂತ ಎತ್ತರದಲ್ಲಿಡಬೇಕು. ಅದನ್ನು ಗಾಳಿಯಾಡದ ಗೂಡಿನಲ್ಲಿ ಮುಚ್ಚಿಡದೆ, ನೆಲದ ಮಟ್ಟದಲ್ಲಿ ಒಂದು ಗಾಳಿಕಿಂಡಿ ಬಿಡಿಸಬೇಕು. ಸೋರಿಕೆಯಾದಾಗ ಕರೆಯಬೇಕಾದ ದೂರವಾಣಿಯ ಸಂಖ್ಯೆ ೧೯೦೬; ಗೋಡೆಯ ಮೇಲೆ ಬರೆದಿಡಿರಿ.

ನೆಲ, ಗೋಡೆಗಳ ವಿಚಾರ ಊರಿನಿಂದ ಊರಿಗೆ ಬೇರೆ. ಸಿರುಗುಪ್ಪದ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಪಾತ್ರೆ ತೊಳೆದ ನೀರನ್ನು ಗೋಡೆಯ ಬುಡದಲ್ಲೇ ಬಿಟ್ಟರೆ ಅಡಿಪಾಯ ಏಳುಬೀಳಾಗಿ ಹೊಸ ಗೋಡೆಯೂ ಸೀಳುತ್ತದೆ. ಕೊಳವೆಯಿಂದ ದೂರಕ್ಕೆ ಸಾಗಿಸಬೇಕು. ಬಂಡೆಗಳ ನಡುವಿನ ಕುರುಗೋಡಿನಲ್ಲಿ ಕಷ್ಟ ಬೇರೆ ಬಗೆಯದು. ಏಕಶಿಲೆಯ ದೊಡ್ಡ ಬಸವಣ್ಣನನ್ನು ಕೊಟ್ಟ ಆ ನೆಲದಲ್ಲಿ ಬಂಡೆ ಅಡ್ಡ ಬಂದರೆ ಕೊಳವೆಗೆ ಇಳಿಜಾರು ಸಿಗುವುದಿಲ್ಲ. ಆದ್ದರಿಂದ ನೀರು ಹೊರಹೋಗುವ ದಾರಿಯನ್ನು ಮೊದಲು ನಿಶ್ಚಯಿಸಿ, ತೊಳೆಯುವ ತೊಟ್ಟಿಯ ಜಾಗವನ್ನು ಆಮೇಲೆ ಗೊತ್ತುಮಾಡಬೇಕು. ಬಳ್ಳಾರಿಯ ಬ್ರೂಸ್‌ಪೇಟೆ, ಕೌಲ್ ಬಜಾರಿನಂಥ ಹಳೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ನಿಮ್ಮ ಗೋಡೆ ನೆರೆಯವರ ಗೋಡೆಯೂ ಆಗಿರಬಹುದು. ಮುಟ್ಟುವ ಮುನ್ನ ಅವರೊಡನೆ ಮಾತಾಡಿರಿ. ಅಂಥ ಕಡೆ ಬೆಳಕಿಂಡಿಯನ್ನು ಮುಚ್ಚಬೇಡಿರಿ. ಮೇಲೆ ಗಾಜು, ಪಕ್ಕದಲ್ಲಿ ಗಾಳಿಗೆ ಜಾಲರಿ ಹಾಕಿಸಿದರೆ ಸಾಕು. ಎಲ್ಲಿಯೇ ಆಗಲಿ, ಮಾಳಿಗೆಯ ಭಾರವನ್ನು ಹೊತ್ತಿರುವುದು ಕಂಬವೋ ಗೋಡೆಯೋ ಎಂದು ತಿಳಿದವರಿಂದ ನೋಡಿಸದೆ ಒಂದು ಕಲ್ಲನ್ನೂ ಕೀಳಿಸಬಾರದು. ಹೊಗೆ ನಿಂತ ಮಾಳಿಗೆಯ ತೊಲೆಗಳಿಗೆ ಹುಳು, ಗೆದ್ದಲು ಹಿಡಿದಿದೆಯೇ ಎಂಬುದನ್ನೂ ನೋಡಿಸಿರಿ.

ಕಟ್ಟೆಯ ಕಲ್ಲಿನಲ್ಲಿ ಕಡಪ ಕಲ್ಲು ಅಗ್ಗ. ಆದರೆ ಅದು ಸುಣ್ಣಕಲ್ಲಿನ ಜಾತಿ. ಹುಣಸೆ, ನಿಂಬೆಯ ಹುಳಿ ಬಿದ್ದಲ್ಲಿ ಕಲೆಯಾಗುತ್ತದೆ. ಗ್ರಾನೈಟು ಹುಳಿಗೆ ಅಂಜುವುದಿಲ್ಲ, ಬೆಲೆ ಹೆಚ್ಚು. ಹಣ ಕಡಿಮೆಯಿದ್ದರೆ ಒಲೆಯ ಸುತ್ತ ಗ್ರಾನೈಟು, ಡಬ್ಬಿಗಳ ಗೂಡಿಗೆ ಕಡಪ ಎಂದು ಹಂಚಿಕೊಳ್ಳಬಹುದು. ಗುತ್ತಿಗೆಯ ಮಾತು ಕಾಗದದ ಮೇಲಿರಲಿ, ಹಣವನ್ನು ಕೆಲಸದ ಹಂತಹಂತಕ್ಕೆ ಕೊಡಿರಿ. ಅಂದಾಜಿನ ಹತ್ತರಲ್ಲೊಂದು ಪಾಲನ್ನು ಕಾಣದ ಖರ್ಚಿಗೆ ಬೇರೆ ತೆಗೆದಿಡಿರಿ. ಮೊದಲು ಮಾಳಿಗೆ, ಬಳಿಕ ನೀರು ಮತ್ತು ವಿದ್ಯುತ್ತಿನ ಕೊಳವೆ, ಬಳಿಕ ಗಿಲಾವು, ಕಟ್ಟೆ, ನೆಲ, ಕೊನೆಗೆ ಬಣ್ಣ, ಇದು ಕ್ರಮ. ಕೊಳವೆಗಳನ್ನು ಮುಚ್ಚುವ ಮುನ್ನ ನಾಲ್ಕು ಕೊಡ ನೀರು ಸುರಿದು ನೋಡಲು ಮರೆಯಬೇಡಿರಿ.

ಕಾಲವೂ ಮುಖ್ಯ. ಬೇಸಿಗೆಯಲ್ಲಿ ಸಿಮೆಂಟು ಬೇಗ ಒಣಗಿ ಬಿರುಕು ಬಿಡುತ್ತದೆ, ನೀರುಣಿಸಲು ನೀರೂ ಸಾಲದು. ಕನಿಷ್ಠ ಏಳು ದಿನವಾದರೂ ಅದು ಹಸಿಯಾಗಿರಬೇಕು. ಮಳೆಗಾಲದಲ್ಲಿ ಮಾಳಿಗೆ ಬಿಚ್ಚಲಾಗದು. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ ಮುಗಿಸುವುದು ಒಳ್ಳೆಯದು. ಸಿರುಗುಪ್ಪದ ಕಡೆಯವರು ಭತ್ತದ ಕೊಯಿಲಿನ ದಿನಗಳನ್ನು ಬಿಟ್ಟು ಆರಂಭಿಸಲಿ.

ಈ ವಾರಗಳಲ್ಲಿ ಉಣ್ಣುವುದು ಹೇಗೆ? ಗುಡಿಯ ಜೀರ್ಣೋದ್ಧಾರ ನಡೆಯುವಾಗ ದೇವರಿಗೆ ಬಾಲಾಲಯವೆಂಬ ಚಿಕ್ಕ ಗುಡಿ ಕಟ್ಟಿ, ಪೂಜೆ ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಒಲೆಗೂ ಹಾಗೆಯೇ ಒಂದು ಬಾಲಾಲಯ ಬೇಕು. ಅದು ಸಿದ್ಧವಾದ ಮೇಲೆಯೇ ಹಳೆಯ ಕಟ್ಟೆಗೆ ಏಟು ಬೀಳಬೇಕು. ಪಡಸಾಲೆಯ ಒಂದು ಮೂಲೆಯಲ್ಲಿ, ಗಾಳಿಯಾಡುವ ಕಡೆ, ಗಟ್ಟಿಯಾದ ಮೇಜಿನ ಮೇಲೆ ಒಲೆ, ಪಕ್ಕದಲ್ಲಿ ಎರಡು ಕೊಡ ನೀರು, ದಿನಬಳಕೆಯ ಹತ್ತು ಡಬ್ಬಿ. ದೂಳು ಬಾರದಂತೆ ಬಾಗಿಲಿಗೆ ಒದ್ದೆ ಬಟ್ಟೆಯ ಪರದೆ. ದವಸವನ್ನೆಲ್ಲ ಮುಚ್ಚಳ ಬಿಗಿದು ಒಳಕೋಣೆಗೆ ಸಾಗಿಸಿರಿ. ಒಣರೊಟ್ಟಿ ಬಹಳ ದಿನ ಕೆಡದಿರುವುದು ನಮ್ಮ ಸೀಮೆಯ ಭಾಗ್ಯ. ಕೆಲಸ ಆರಂಭಿಸುವ ಮೊದಲೇ ಒಂದು ಬುಟ್ಟಿ ಮಾಡಿಟ್ಟುಕೊಂಡು, ಶೇಂಗಾ, ಗುರೆಳ್ಳಿನ ಚಟ್ನಿಪುಡಿ, ಮೊಸರು ಇದ್ದರೆ ಅರ್ಧ ಊಟ ಆಯಿತು. ಬೆಳಿಗ್ಗೆಗೆ ಮಂಡಕ್ಕಿಯ ಒಗ್ಗರಣೆ. ಎರಡು ಪಲ್ಯ, ಹಪ್ಪಳ, ಸಂಡಿಗೆಗಳನ್ನು ಯಾರೂ ಈ ದಿನಗಳಲ್ಲಿ ಕೇಳಬಾರದು. ಗಂಡಸರು ನೀರು ಹೊರುವುದನ್ನೂ ಪಾತ್ರೆ ತೊಳೆಯುವುದನ್ನೂ ಹಂಚಿಕೊಳ್ಳಲಿ. ಅಡಿಗೆಯ ಮನೆಯಲ್ಲಿ ಯಾವುದು ಎಲ್ಲಿರಬೇಕು, ಏಕಿರಬೇಕು ಎಂಬುದು ಅವರಿಗೂ ಆಗ ತಾನೇ ತಿಳಿಯುತ್ತದೆ.

ಕೆಲಸ ಮುಗಿಯಿತು, ಹಾಲುಕ್ಕಿಸಿದ್ದಾಯಿತು ಎಂದು ಗೌಂಡಿಯ ಲೆಕ್ಕವನ್ನು ಆ ದಿನವೇ ಪೂರ್ತಿ ತೀರಿಸಬೇಡಿರಿ. ಒಂದು ವಾರದ ಮಾತನ್ನು ಮೊದಲೇ ಆಡಿಕೊಂಡಿರಿ. ಆ ವಾರ ರೊಟ್ಟಿ ಬಡಿದವರು, ಸಾರು ಕುದಿಸಿದವರು, ಪಾತ್ರೆ ತೊಳೆದವರು ಎಲ್ಲಿ ಸೊಂಟ ನೋಯಿತು, ಎಲ್ಲಿ ನೀರು ನಿಂತಿತು, ಯಾವ ಗೂಡು ಕೈಗೆ ಎಟುಕಲಿಲ್ಲ ಎಂದು ಹೇಳಲಿ. ಅದನ್ನು ತಿದ್ದಿಸಿ, ಅವರು ಸರಿಯಾಯಿತೆಂದ ಮೇಲೆ ಬಾಕಿ ಹಣ ಕೊಡಿರಿ.