ಬದುಕಿ ಉಳಿದವರ ಎರಡನೆಯ ಪ್ರಶ್ನೆ

ಕೀಮೋಥೆರಪಿಯ ಮೂಲ ಯುದ್ಧದ ವಿಷ. ಮೊದಲ ಮಹಾಯುದ್ಧದಲ್ಲಿ ಮಸ್ಟರ್ಡ್ ಗ್ಯಾಸ್‌ಗೆ ಸಿಕ್ಕವರ ಬಿಳಿ ರಕ್ತಕಣಗಳು ಕುಸಿದದ್ದನ್ನು ವೈದ್ಯರು ಕಂಡಿದ್ದರು. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್ಮನ್, ಅದೇ ಜಾತಿಯ ನೈಟ್ರೋಜನ್ ಮಸ್ಟರ್ಡನ್ನು ಕ್ಯಾನ್ಸರ್ ರೋಗಿಯ ಮೇಲೆ ಪ್ರಯೋಗಿಸಿದರು. ಗಡ್ಡೆ ಕರಗಿತು, ಮತ್ತೆ ಬಂತು.

1948ರಲ್ಲಿ ಸೋಫಿ ಸ್ಪಿಟ್ಜ್ ಎಂಬ ರೋಗಶಾಸ್ತ್ರಜ್ಞೆ, ಈ ಔಷಧ ಪಡೆದು ತೀರಿಕೊಂಡ 30 ಗಂಡಸರ ವೃಷಣಗಳನ್ನು ಪರೀಕ್ಷಿಸಿದರು. 27 ಮಂದಿಯಲ್ಲಿ ವೀರ್ಯಾಣು ತಯಾರಿಕೆಯೇ ನಿಂತಿತ್ತು. ಜೀವವೇ ಉಳಿಯದ ಕಾಲದಲ್ಲಿ ಮಕ್ಕಳ ಮಾತೆಲ್ಲಿ ಬಂತು?

ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ವೃಷಣದ ಸಣ್ಣ ನಳಿಕೆಗಳಲ್ಲಿ ಕೋಶಗಳು ಸದಾ ಒಡೆಯುತ್ತಿರುತ್ತವೆ. ಕೀಮೋ ಹೊಡೆಯುವುದೂ ಒಡೆಯುವ ಕೋಶಗಳನ್ನೇ. ಅರೆಬೆಳೆದವು ಸತ್ತರೂ ಮೂಲಕೋಶ ಉಳಿದರೆ ತಿಂಗಳುಗಳಲ್ಲೋ ವರ್ಷಗಳಲ್ಲೋ ಚೇತರಿಕೆ ಸಾಧ್ಯ. ಮೂಲಕೋಶವೇ ಹೋದರೆ, ಬಿತ್ತನೆ ಬೀಜವನ್ನೇ ಅಟ್ಟು ಉಂಡ ಹಾಗೆ. ಹಾರ್ಮೋನು ಸುರಿಸುವ ಲೇಡಿಗ್ ಕೋಶಗಳು ಇಷ್ಟು ಸುಲಭಕ್ಕೆ ಸಾಯುವುದಿಲ್ಲ. ಹಾಗಾಗಿ ಗಡ್ಡ, ದನಿ, ಆಸೆ ಸಾಮಾನ್ಯವಾಗಿ ಮೊದಲಿನಂತೆಯೇ ಇರುತ್ತವೆ. ಒಳಗಿನ ನಷ್ಟ ಲ್ಯಾಬ್ ರಿಪೋರ್ಟ್ ಬರುವವರೆಗೆ ತಿಳಿಯದು.

1960ರ ದಶಕದಲ್ಲಿ ‘ಮಾಪ್’ ಎಂಬ ನಾಲ್ಕು ಔಷಧಗಳ ಕೂಟ ಹಾಡ್ಗ್‌ಕಿನ್ ಕಾಯಿಲೆ ಎಂಬ ಕ್ಯಾನ್ಸರನ್ನು ನಿಜಕ್ಕೂ ಗುಣಪಡಿಸತೊಡಗಿತು. ಹರೆಯದವರು ಬದುಕಿದರು, ಮದುವೆಯಾದರು. ಮಕ್ಕಳ ಪ್ರಶ್ನೆ ಎದ್ದದ್ದು ಆಗ: ಬಹುಪಾಲು ಗಂಡಸರ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ. 1975ರಲ್ಲಿ ಮಿಲಾನಿನ ಬೊನಡೊನ್ನಾ ತಂಡ ಪ್ರಕಟಿಸಿದ ‘ಎಬಿವಿಡಿ’ ಕೂಟದಲ್ಲಿ ಮಾಪ್‌ನಲ್ಲಿದ್ದ ನೈಟ್ರೋಜನ್ ಮಸ್ಟರ್ಡೂ ಪ್ರೊಕಾರ್ಬಜಿನ್ನೂ ಇರಲಿಲ್ಲ, ಹೆಚ್ಚಿನವರಿಗೆ ವೀರ್ಯಾಣು ಮರಳಿತು. ಆ ಕೂಟ ಹುಟ್ಟಿದ್ದು ಮಾಪ್‌ಗೆ ಬಗ್ಗದ ರೋಗಕ್ಕೆಂದು. ಸಂತಾನ ಉಳಿದದ್ದು ಲೆಕ್ಕದಾಚೆಗಿನ ಲಾಭ.

ಇಷ್ಟರೊಳಗೆ ಇನ್ನೊಂದು ದಾರಿ ತೆರೆದಿತ್ತು. ಹೆಪ್ಪುಗಟ್ಟಿಸಿದ ವೀರ್ಯದಿಂದ ಗರ್ಭ ನಿಂತ ಸುದ್ದಿ ಅಮೆರಿಕದ ಅಯೋವಾದಿಂದ 1953ರಲ್ಲೇ ಬಂದಿತ್ತು. 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಒಂದೇ ವೀರ್ಯಾಣುವನ್ನು ಅಂಡದೊಳಗೆ ಚುಚ್ಚಿ ಮಗು ಪಡೆಯುವ ಇಕ್ಸಿ ವಿಧಾನವನ್ನು ವರದಿ ಮಾಡಿದ ಮೇಲೆ, ದುರ್ಬಲ ಮಾದರಿಗೂ ಬೆಲೆ ಬಂತು. 1996ರಲ್ಲಿ ವೃಷಣದ ಕ್ಯಾನ್ಸರ್ ಕಂಡ ಸೈಕ್ಲಿಸ್ಟ್ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕೀಮೋಗೆ ಮುನ್ನ ವೀರ್ಯ ಕಾಪಿಟ್ಟಿದ್ದರಿಂದಲೇ ಅವರ ಮೊದಲ ಮೂವರು ಮಕ್ಕಳು ಹುಟ್ಟಿದರು.

ತೊಡಕು ಇರುವುದು ಹೇಳುವುದರಲ್ಲಿ. ಹತ್ತೊಂಬತ್ತರ ಹುಡುಗ, ಪಕ್ಕದಲ್ಲಿ ಅಪ್ಪ ಅಮ್ಮ, ಮೇಜಿನ ಮೇಲೆ ಬಯಾಪ್ಸಿ ರಿಪೋರ್ಟ್. ‘ವೀರ್ಯದ ಸ್ಯಾಂಪಲ್ ಕೊಟ್ಟು ಬಾ’ ಎಂದು ಯಾರು, ಯಾರೆದುರು ಹೇಳಬೇಕು? ಅಮ್ಮನನ್ನು ಒಂದು ನಿಮಿಷ ಹೊರಗೆ ಕೂರಿಸಿದರೂ ಸಾಕು ಅನ್ನಿಸುತ್ತದೆ. ತಡಮಾಡುವಂತೆಯೂ ಇಲ್ಲ: ಕೀಮೋದ ಮೊದಲ ಡ್ರಿಪ್ ಹತ್ತಿದ ಮೇಲಿನ ಮಾದರಿಯಲ್ಲಿ ವೀರ್ಯಾಣುವಿನ ಡಿಎನ್‌ಎ ಕೆಟ್ಟಿರಬಹುದು. ಪ್ರಾಯಕ್ಕೆ ಬಾರದ ಹುಡುಗರಿಗೆ ಈ ದಾರಿಯೂ ಇಲ್ಲ. ಅವರ ವೃಷಣದ ಚೂರನ್ನು ತೆಗೆದು ಹೆಪ್ಪುಗಟ್ಟಿಸಿಡುವ ಕೆಲಸ ಇನ್ನೂ ಪ್ರಯೋಗದ ಹಂತದಲ್ಲಿದೆ.